‘ಅಕ್ಷ’ ಎಂಬ ಒಂದು ಪದ



ತತ್ತ್ವವಿಚಾರವು ಪ್ರಶ್ನೆಯಿಂದ ಆರಂಭವಾಗುತ್ತದೆಂಬುದು ಸಾಮಾನ್ಯ ನಂಬಿಕೆ. ಆದರೆ ಪ್ರಶ್ನೆ ಹುಟ್ಟುವುದಕ್ಕೆ ಮೊದಲೇ ಯಾವುದೋ ಒಂದು ಪರಿಕಲ್ಪನೆ ಅದಕ್ಕೆ ದಾರಿ ಹಾಕಿಟ್ಟಿರುತ್ತದೆ. ಯಾವುದನ್ನು ವಿಚಾರಿಸಬೇಕು, ಹೇಗೆ ವಿಚಾರಿಸಬೇಕು ಎಂಬುದೆಲ್ಲ ಅದರಿಂದಲೇ ನಿಶ್ಚಯವಾಗುತ್ತದೆ. ಜೈನ ನ್ಯಾಯಶಾಸ್ತ್ರದಲ್ಲಿ ‘ಪ್ರತ್ಯಕ್ಷ’ವೆಂಬ ಪದದ ಚರಿತ್ರೆ ಇದಕ್ಕೊಂದು ಉತ್ತಮ ನಿದರ್ಶನ.

ಕಣ್ಣಿಗೆ ಕಂಡದ್ದು ಪ್ರತ್ಯಕ್ಷವೆಂದು ಲೋಕವೆಲ್ಲ ಹೇಳುತ್ತದೆ. ಇಂದ್ರಿಯವೂ ವಸ್ತುವೂ ಕೂಡಿದಾಗ ಹುಟ್ಟುವ ಜ್ಞಾನವೇ ಪ್ರತ್ಯಕ್ಷವೆಂಬುದು ನೈಯಾಯಿಕರ ಮತ. ಆದರೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದ 11 ಮತ್ತು 12ನೆಯ ಸೂತ್ರಗಳಲ್ಲಿ ಲೆಕ್ಕವೇ ಬೇರೆ. ಮತಿ, ಶ್ರುತಗಳು ಪರೋಕ್ಷ. ಅವಧಿ, ಮನಃಪರ್ಯಯ, ಕೇವಲಜ್ಞಾನಗಳು ಪ್ರತ್ಯಕ್ಷ. ಎಂದರೆ, ಎದುರಿಗೆ ಉರಿಯುತ್ತಿರುವ ದೀಪವನ್ನು ಕಣ್ಣಿನಿಂದ ಕಂಡರೂ ಅದು ಪರೋಕ್ಷಜ್ಞಾನವೇ! ಹೊಸದಾಗಿ ಓದುವ ವಿದ್ಯಾರ್ಥಿ ಇಲ್ಲಿ ಬೆರಗಾಗಿ ನಿಲ್ಲುವುದು ಸಹಜ.

ಗುಟ್ಟು ‘ಅಕ್ಷ’ ಎಂಬ ಪದದಲ್ಲಿದೆ. ಇತರರು ಅದಕ್ಕೆ ಇಂದ್ರಿಯವೆಂದು ಅರ್ಥ ಹೇಳಿದರೆ, ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆತ್ಮವೆಂದು ಅರ್ಥ ಹೇಳಿದರು. ಆತ್ಮನು ಪರರ ನೆರವಿಲ್ಲದೆ ತಾನೇ ಅರಿಯುವುದು ಪ್ರತ್ಯಕ್ಷ. ಇಂದ್ರಿಯ, ಮನಸ್ಸು, ಬೆಳಕು ಮೊದಲಾದವುಗಳ ಆಶ್ರಯ ಬೇಡುವುದು ಪರೋಕ್ಷ. ಇದು ಬರಿಯ ಶಬ್ದಚಮತ್ಕಾರವಲ್ಲ. ಇಂದ್ರಿಯಜನ್ಯವಾದದ್ದು ಮಾತ್ರವೇ ಪ್ರತ್ಯಕ್ಷವೆಂದು ಒಪ್ಪಿದರೆ, ಇಂದ್ರಿಯಗಳ ಹಂಗಿಲ್ಲದೆ ಅರಿಯುವ ಆಪ್ತನಿಗೆ ಪ್ರತ್ಯಕ್ಷಜ್ಞಾನವೇ ಇಲ್ಲವೆಂದಾಗುತ್ತದೆ. ಪೂಜ್ಯಪಾದರು ಎತ್ತಿದ ಆಕ್ಷೇಪವೂ ಇದೇ. ಒಂದು ಪದದ ಅರ್ಥದ ಮೇಲೆ ಸರ್ವಜ್ಞತ್ವದ ಸಿದ್ಧಿಯೇ ನಿಂತಿತ್ತು.

ಆದರೆ ವಾದಸಭೆಯಲ್ಲಿ ಈ ನಿಲುವಿಗೆ ತೊಡಕಿತ್ತು. ದಿಙ್ನಾಗ, ಧರ್ಮಕೀರ್ತಿಗಳಂಥ ಬೌದ್ಧ ಪಂಡಿತರೊಡನೆ ವಾದಿಸಬೇಕಾದರೆ ಇಬ್ಬರಿಗೂ ಸಮ್ಮತವಾದ ನೆಲೆಯೊಂದು ಬೇಕು. ಅದನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟವರು 8ನೆಯ ಶತಮಾನದ ಭಟ್ಟಾಕಲಂಕದೇವರು. ಇಂದ್ರಿಯಜ್ಞಾನವನ್ನು ಅವರು ಸಾಂವ್ಯವಹಾರಿಕ ಪ್ರತ್ಯಕ್ಷವೆಂದು ಕರೆದು, ಅತೀಂದ್ರಿಯ ಜ್ಞಾನವನ್ನು ಮುಖ್ಯ ಪ್ರತ್ಯಕ್ಷವಾಗಿಯೇ ಉಳಿಸಿಕೊಂಡರು. ಶ್ವೇತಾಂಬರ ಆಚಾರ್ಯರಾದ ಜಿನಭದ್ರಗಣಿಗಳಲ್ಲಿ ಈ ಸೂಚನೆ ಮೊದಲೇ ಇತ್ತೆಂಬುದನ್ನು ಇಲ್ಲಿ ಮರೆಯಲಾಗದು. ಇದನ್ನು ಶರಣಾಗತಿಯೆಂದು ಬಗೆಯುವುದು ಸರಿಯಲ್ಲ. ಮನೆಯ ಬಾಗಿಲನ್ನು ತೆರೆದರೂ ಗರ್ಭಗೃಹವನ್ನು ಬಿಟ್ಟುಕೊಡದ ಜಾಣ್ಮೆ ಅದು. ಹಿಮಶೀತಲ ರಾಜನ ಸಭೆಯಲ್ಲಿ ಅಕಲಂಕರು ಬೌದ್ಧರನ್ನು ಗೆದ್ದ ಸಂಗತಿಯನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ, ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿ ಹೇಳುತ್ತದೆ.

ಅಕಲಂಕರ ಕಾರ್ಯ ಅಲ್ಲಿಗೇ ಮುಗಿಯಲಿಲ್ಲ. ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂಬ ಐದನ್ನೂ ಪರೋಕ್ಷ ಪ್ರಮಾಣಗಳೆಂದು ಅವರು ವ್ಯವಸ್ಥೆಗೊಳಿಸಿದರು. ಸ್ಮೃತಿಯನ್ನಾಗಲಿ ತರ್ಕವನ್ನಾಗಲಿ ಪ್ರಮಾಣವೆನ್ನಲು ನೈಯಾಯಿಕರು ಒಪ್ಪರು. ಪ್ರತ್ಯಭಿಜ್ಞಾನವನ್ನು ಬೌದ್ಧರು ಒಪ್ಪರು. ವಸ್ತು ಕ್ಷಣಕ್ಷಣಕ್ಕೂ ಬೇರೆಯಾಗುತ್ತಿರುವಾಗ ‘ಇದು ಅದೇ’ ಎಂಬ ಅರಿವು ಅವರಿಗೆ ಭ್ರಾಂತಿ. ಜೈನರಿಗಾದರೋ ವಸ್ತುವು ದ್ರವ್ಯವಾಗಿ ನಿಲ್ಲುತ್ತದೆ, ಪರ್ಯಾಯವಾಗಿ ಮಾರ್ಪಡುತ್ತದೆ. ವಸ್ತುವಿನ ಕಲ್ಪನೆ ಹೀಗಿರುವುದರಿಂದಲೇ ಗುರುತಿಸುವಿಕೆಗೂ ಪ್ರಮಾಣದ ಪದವಿ ದೊರೆಯಿತು.

1981ರ ಮಹಾಮಸ್ತಕಾಭಿಷೇಕದಲ್ಲಿ ತಂದೆಯ ಹೆಗಲೇರಿ ಗೊಮ್ಮಟನನ್ನು ಕಂಡ ಬಾಲಕನೊಬ್ಬ, 2018ರಲ್ಲಿ ತನ್ನ ಮಗನ ಕೈಹಿಡಿದು ಅದೇ ಬೆಟ್ಟವನ್ನು ಹತ್ತಿದನೆನ್ನಿ. ಅವನ ತಲೆ ನರೆತಿದೆ; ಶಿಲೆಯೂ ಮೂವತ್ತೇಳು ವರ್ಷಗಳ ಮಳೆಬಿಸಿಲನ್ನು ಉಂಡಿದೆ. ಆದರೂ ಮಗನಿಗೆ ಬೆರಳು ತೋರಿ, ‘ಅಂದು ಕಂಡ ಸ್ವಾಮಿ ಇವನೇ’ ಎನ್ನುತ್ತಾನೆ. ಬೌದ್ಧನು ಅದನ್ನು ಭ್ರಾಂತಿಯೆನ್ನುವಲ್ಲಿ, ಅಕಲಂಕರ ನ್ಯಾಯವು ಆ ಮಾತನ್ನು ಪ್ರಮಾಣವೆಂದು ಅಂಗೀಕರಿಸುತ್ತದೆ.