ಸಂಗೀತವಿದ್ಯೆಯೂ ಪರೀಕ್ಷೆಯೂ
(ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಸಂಗೀತ ಶಿಕ್ಷಕರಾದ ನಾವು ಕೆಲವರು ಕೂಡಿ, ಸಂಗೀತವಿದ್ಯೆಯಲ್ಲಿ ಪರೀಕ್ಷೆಯನ್ನು ಯಾವ ರೀತಿಯಿಂದ ನಡೆಯಿಸಬೇಕೆಂಬ ಒಂದೇ ಪ್ರಶ್ನೆಯನ್ನಿಟ್ಟುಕೊಂಡು ಎರಡು ದಿನಗಳ ವಿದ್ವದ್ಗೋಷ್ಠಿಯನ್ನು ಶ್ರೀಮಠದ ಆವರಣದಲ್ಲಿ ಜರುಗಿಸಬೇಕೆಂದು ಸಂಕಲ್ಪಿಸಿರುವೆವು. "ಹಾಡುವದಕ್ಕೆ ಪರೀಕ್ಷೆ ಯಾತಕ್ಕೆ? ಕೇಳಿದರೆ ತಿಳಿಯದೇ?" ಎಂದು ನಿನ್ನೆ ಪ್ರಸಾದದ ಪಂಕ್ತಿಯಲ್ಲಿ ಹಿರಿಯರೊಬ್ಬರು ನನ್ನನ್ನು ವಿಚಾರಿಸಿದರು. ಕೇಳಿದರೆ ತಿಳಿಯುವದು ನಿಜವು. ಪರೀಕ್ಷೆಯಲ್ಲಿ ನಾವು ಕೇಳುತ್ತಿರುವೆವೇ ಎಂಬುದೇ ನನ್ನ ಸಂಶಯವು.

ಈ ಸಂಶಯವು ಬಂದ ಬಗೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಪರೀಕ್ಷಾಕೇಂದ್ರಕ್ಕೆ ನಾನು ಪರೀಕ್ಷಕನಾಗಿ ಹೋಗಿದ್ದೆನು. ಒಬ್ಬೊಬ್ಬ ವಿದ್ಯಾರ್ಥಿಗೆ ಹದಿನೈದು ನಿಮಿಷ. ಹೊರಗೆ ಸಾಲುಗಟ್ಟಿ ನಿಂತ ಮಕ್ಕಳು. ಅವರಲ್ಲಿ ಒಬ್ಬ ಕುರುಡ ಹುಡುಗನು ಬಂದು ಭೀಮಪಲಾಸಿಯನ್ನು ಹಾಡಿದನು. ಅವನ ಕೋಮಲ ಗಾಂಧಾರವು ಎಂಥ ಸ್ಥಾನದಲ್ಲಿ ನಿಂತಿತೆಂದರೆ, ತಬಲೆಯವನು ನನ್ನ ಮುಖವನ್ನೇ ನೋಡಿದನು. ಆದರೆ ಬಂದೀಶನ್ನು ಸ್ವರಲಿಪಿಯಲ್ಲಿ ಬರೆದು ತೋರಿಸಬೇಕೆಂಬ ನಿಯಮವಿತ್ತು. ಬರೆಯಲು ಸಹಾಯಕನನ್ನು ಅವನ ಸಂಗಡ ಯಾರೂ ಕಳುಹಿಸಿರಲಿಲ್ಲ. ಬಾಯಿಂದ ಸ್ವರ ಹೇಳಿಸಿ ಗುಣ ಕೊಡಬಹುದೇ ಎಂದು ನಾನು ಕೇಳಬಹುದಾಗಿತ್ತು, ಕೇಳಲಿಲ್ಲ. ಆ ಭಾಗಕ್ಕೆ ಸೊನ್ನೆ ಬರೆದು ಸಹಿ ಮಾಡಿದೆನು. ಹುಡುಗನು ಅನುತ್ತೀರ್ಣನಾದನು. ಮರುವರ್ಷ ಆ ಕೇಂದ್ರದ ಯಾದಿಯಲ್ಲಿ ಅವನ ಹೆಸರನ್ನು ಹುಡುಕಿದೆನು, ಇರಲಿಲ್ಲ.

ಇದರಿಂದ ಪರೀಕ್ಷೆಯೇ ಬೇಡವೆಂದು ನಾನು ಹೇಳುವದಿಲ್ಲ. ಗುರುಮುಖದಿಂದ ಕಲಿಯುವ ಕಾಲದಲ್ಲಿ ಗುರುವಿನ ಕಿವಿಯೇ ನಿತ್ಯದ ಪರೀಕ್ಷೆಯಾಗಿತ್ತು. ಅದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿಲ್ಲ. ಆದರೆ ಆ ಗುರುವಿನ ಬಾಗಿಲು ಎಲ್ಲರಿಗೂ ತೆರೆದಿರುತ್ತಿತ್ತೇ? ಘರಾಣೆಯ ಮಕ್ಕಳಿಗೆ ಸಿಕ್ಕ ತಾಲೀಮು ಹೊರಗಿನವರಿಗೆ ಸಿಕ್ಕುವದು ದುರ್ಲಭವಾಗಿತ್ತು. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಸಾಮಾನ್ಯ ಗೃಹಸ್ಥರ ಮಕ್ಕಳೂ ಸಂಗೀತವನ್ನು ತರಗತಿಯಲ್ಲಿ ಕುಳಿತು ಕಲಿಯುವಂತೆ ಮಾಡಿದರು. ಬಾಲ್ಯದಲ್ಲಿ ಪಟಾಕಿಯ ಅಪಘಾತದಿಂದ ಅವರ ದೃಷ್ಟಿಯೇ ಕುಂದಿತ್ತೆಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಅವರು ಲಿಂಗೈಕ್ಯರಾದರೆಂದು ನಾವು ಅನ್ನಲಾರೆವಾದರೂ, 1931ರಲ್ಲಿ ಅವರ ದೇಹಾವಸಾನವಾದ ವರ್ಷವೇ ಶಿಷ್ಯರು ಕೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಪ್ರಾರಂಭಿಕದಿಂದ ಅಲಂಕಾರದವರೆಗಿನ ಅದರ ಪರೀಕ್ಷೆಗಳಿಗೆ ನಮ್ಮ ಧಾರವಾಡ, ಹುಬ್ಬಳ್ಳಿಗಳ ಕಡೆಯ ಮಕ್ಕಳೂ ಕುಳಿತಿರುವರು. ಪ್ರಮಾಣಪತ್ರವಿದ್ದುದರಿಂದ ಶಿಕ್ಷಕವೃತ್ತಿ ದೊರೆತು ಸಂಸಾರ ಸಾಗಿಸಿದವರನ್ನು ನಾನು ಬಲ್ಲೆನು.

ವಿದ್ವಾಂಸರು ಕೂಡಿ ಚರ್ಚಿಸುವದೂ ಹೊಸದಲ್ಲ. ಪಂಡಿತ ಭಾತಖಂಡೆಯವರ ಪರಿಶ್ರಮದಿಂದ 1916ರಲ್ಲಿ ಮಹಾರಾಜ ಸಯಾಜಿರಾವ ಗಾಯಕವಾಡರ ಆಶ್ರಯದಲ್ಲಿ ಬಡೋದೆಯಲ್ಲಿ ಪ್ರಥಮ ಅಖಿಲ ಭಾರತ ಸಂಗೀತ ಪರಿಷತ್ತು ನೆರೆಯಿತು. ಇಪ್ಪತ್ತೆರಡು ಶ್ರುತಿಗಳನ್ನು ನುಡಿಸುವಂತೆ ಕ್ಲೆಮೆಂಟ್ಸ್ ಮತ್ತು ದೇವಲ ಎಂಬ ಮಹನೀಯರು ಸಿದ್ಧಪಡಿಸಿದ ಹಾರ್ಮೋನಿಯಂ ಅಲ್ಲಿ ಚರ್ಚೆಗೆ ಬಂದಿತು, ಸರ್ವಸಮ್ಮತಿಯನ್ನು ಪಡೆಯಲಿಲ್ಲ. ಯಂತ್ರದ ಅಳತೆಗೂ ಗವಾಯಿಯ ಕಿವಿಗೂ ಅಂದು ಬಿದ್ದ ಜಗಳವು ಪರೀಕ್ಷೆಯ ಕೋಣೆಯಲ್ಲಿ ಇನ್ನೂ ನಡೆದೇ ಇದೆ. 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಸ್ಥಾಪಿತವಾದ ಬಳಿಕ ಪಠ್ಯವೂ ಲಿಪಿಯೂ ನೆಲೆಗೊಂಡವು. ಲಿಪಿಯಿಂದ ಉಪಕಾರವು ಬಹಳವಾಯಿತು. ಬರೆಯಲು ಬಂದುದೇ ವಿದ್ಯೆಯೆಂಬ ಭ್ರಾಂತಿಯೂ ಅದರ ಬೆನ್ನಿಗೇ ಬಂದಿತು.

ಈ ಭ್ರಾಂತಿಯನ್ನು ಒಂದು ಉದಾಹರಣೆಯಿಂದ ತೋರಿಸುವೆನು. ಭೂಪ ರಾಗಕ್ಕೆ ಸಾ ರಿ ಗ ಪ ಧ ಎಂಬ ಐದೇ ಸ್ವರಗಳು. ದೇಶಕಾರಕ್ಕೂ ಅವೇ ಐದು. ಕಾಗದದ ಮೇಲೆ ಸ್ವರಗಳ ಯಾದಿಯನ್ನು ಬರೆದರೆ ಎರಡಕ್ಕೂ ಭೇದವೇ ತೋರದು. ಭೂಪದಲ್ಲಿ ಗಾಂಧಾರವು ವಾದಿ, ದೇಶಕಾರದಲ್ಲಿ ಧೈವತವು ವಾದಿ ಎಂದು ಬಾಯಿಪಾಠ ಮಾಡಿದವನಿಗೆ ಪೂರ್ಣ ಗುಣಗಳು ಬಂದುಬಿಡುತ್ತವೆ. ಹಾಡಲು ಕುಳ್ಳಿರಿಸಿರಿ: ದೇಶಕಾರವೆಂದು ಆರಂಭಿಸಿ ಮೂರನೆಯ ಆಲಾಪಕ್ಕೆ ಭೂಪದ ಮನೆಯೊಳಗೆ ಕಾಲಿಟ್ಟಿರುತ್ತಾನೆ. ಧೈವತದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವ ಕಡೆಯಿಂದ ಅಲ್ಲಿಗೆ ಬರಬೇಕು ಎಂಬುದು ಗುರುವಿನ ಎದುರು ನೂರು ಸಲ ತಪ್ಪಿದವನಿಗೆ ಮಾತ್ರ ತಿಳಿಯುವದು.

ಅನ್ಯದೇಶದವರಿಗೂ ಈ ತೊಡಕು ತಪ್ಪಿಲ್ಲ. ಲಂಡನ್ನಿನಲ್ಲಿ 1889ರಲ್ಲಿ ಹುಟ್ಟಿದ ಅಸೋಸಿಯೇಟೆಡ್ ಬೋರ್ಡಿನ ಪರೀಕ್ಷೆಯಲ್ಲಿ ಒಟ್ಟು 150 ಗುಣಗಳು, ಉತ್ತೀರ್ಣರಾಗಲು 100. ಮೂರು ಕೃತಿಗಳಿಗೆ ತಲಾ 30. ಸ್ವರಾಭ್ಯಾಸಕ್ಕೆ 21, ನೋಡಿದೊಡನೆ ಓದಿ ನುಡಿಸುವದಕ್ಕೆ 21, ಕಿವಿಯ ಪರೀಕ್ಷೆಗೆ 18. ತೂಕದ ಕಲ್ಲುಗಳಂತೆ ಎಷ್ಟು ನೇರ್ಪು! ಆದರೂ 2020ರಲ್ಲಿ ಅವರೇ ಇನ್ನೊಂದು ಮಾರ್ಗವನ್ನು ತೆರೆದು, ನಾಲ್ಕು ಕೃತಿಗಳನ್ನು ಒಂದೇ ಕಚೇರಿಯಂತೆ ನುಡಿಸಿ ಮುದ್ರಿಸಿ ಕಳುಹಿಸಲು ಅವಕಾಶವಿತ್ತು, ಸಮಗ್ರ ವಾದನಕ್ಕೆಂದೇ ಪ್ರತ್ಯೇಕವಾಗಿ 30 ಗುಣಗಳನ್ನು ಇರಿಸಿದರು. ಅಮೆರಿಕೆಯ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಸಂಗೀತಶಿಕ್ಷಣದ ಪರೀಕ್ಷಾವಿಧಾನದ ಕುರಿತಾಗಿಯೇ ಶಿಕ್ಷಕರ ಗೋಷ್ಠಿಯೊಂದು ಆರಂಭವಾಗಿ, ಮುಂದೆ ಜರ್ಮನಿಯ ಬ್ರೆಮೆನ್, ತೈವಾನಿನ ತೈಪೆ ನಗರಗಳಲ್ಲಿಯೂ ನೆರೆಯಿತು. ಅಲ್ಲಿಯ ವಿಧಾನವನ್ನು ಇಲ್ಲಿ ನಕಲು ಮಾಡಬೇಕೆಂದಲ್ಲ. ಕಲಿಸುವವರು ತಮ್ಮ ಅಳತೆಗೋಲನ್ನು ತಾವೇ ಸಭೆಯಲ್ಲಿಟ್ಟು ಪರೀಕ್ಷಿಸಿಕೊಂಡರೆಂಬುದು ನನಗೆ ಹಿಡಿಸಿದೆ.

ನಮ್ಮ ನಾಡಿನಲ್ಲಿ ನಾವು ನೋಡಬೇಕಾದ ಸ್ಥಳವೋ ದೂರವಿಲ್ಲ. ಹಾನಗಲ್ಲ ಕುಮಾರ ಮಹಾಶಿವಯೋಗಿಗಳ ಕೃಪಾಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸಿ, ಕಡೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆಸಿ 1944ರಲ್ಲಿ ಲಿಂಗೈಕ್ಯರಾದರು. ಆ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ; 2010ರವರೆಗೆ ನಮ್ಮ ನಡುವೆ ಇದ್ದರು. ಬಸವರಾಜ ರಾಜಗುರುಗಳಂಥವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ನನ್ನ ಕೈಯಲ್ಲಿದ್ದ ನಿಯಮದಂತೆ ನೋಡಿದರೆ, ಆ ಗುರುಗಳಿಗೇ ಸ್ವರಲಿಪಿಯ ಭಾಗದಲ್ಲಿ ಸೊನ್ನೆ ಬೀಳುತ್ತಿತ್ತು! ಈ ಮಾತು ಹೊಳೆದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆದುದರಿಂದ ಗೋಷ್ಠಿಯಲ್ಲಿ ನಾನು ಮಂಡಿಸಬೇಕೆಂದಿರುವದು ಇಷ್ಟು. ಶ್ರುತಿ ಸೇರಿತೇ, ಲಯ ತಪ್ಪಿತೇ ಎಂಬುದಕ್ಕೆ ಅಂಕೆಯನ್ನು ಹಾಕೋಣ. ಇವುಗಳಲ್ಲಿ ಇಬ್ಬರು ಬಲ್ಲವರು ಬಹಳ ಭಿನ್ನರಾಗಲಾರರು. ರಾಗದ ನಡೆ, ಭಾವ, ಸ್ವಂತ ವಿಸ್ತಾರ ಇವುಗಳ ವಿಷಯದಲ್ಲಿ ಅಂಕೆಯ ಸಂಗಡ ನಾಲ್ಕು ಸಾಲು ಬರೆದು ವಿದ್ಯಾರ್ಥಿಯ ಕೈಗೆ ಕೊಡುವದು ಪರೀಕ್ಷಕನಿಗೆ ಕಡ್ಡಾಯವಾಗಬೇಕು. 52 ಎಂಬ ಅಂಕೆಯಿಂದ ಹುಡುಗನು ಏನನ್ನು ತಿದ್ದಿಕೊಳ್ಳಬೇಕು? ಹಾಡಿದುದನ್ನು ಮುದ್ರಿಸಿಡುವದು ಈಗ ಜೇಬಿನೊಳಗಿನ ಫೋನಿನಿಂದಲೇ ಸಾಧ್ಯವಾಗಿರಲು, ಸಂಶಯ ಬಂದಲ್ಲಿ ಇನ್ನೊಬ್ಬರು ಕೇಳಲು ಅಡ್ಡಿಯೇನು? ಅಂಧ ವಿದ್ಯಾರ್ಥಿಗಳು ಲಿಪಿಯ ಬದಲು ಬಾಯಿಂದ ಸ್ವರ ಹೇಳಲಿ, ಅಥವಾ ಬ್ರೈಲಿನಲ್ಲಿ ಬರೆಯಲಿ. ಅದು ದಯೆಯಿಂದ ಕೊಟ್ಟ ರಿಯಾಯತಿಯಾಗಿರದೆ ಅವರ ಹಕ್ಕಾಗಿರಲಿ. ವೆಚ್ಚವು ಹೆಚ್ಚುವದೆಂದೂ ಒಬ್ಬೊಬ್ಬರಿಗೆ ಅರ್ಧ ತಾಸು ಕೊಟ್ಟರೆ ದಿನಗಳು ಸಾಲವೆಂದೂ ಆಕ್ಷೇಪಿಸುವವರಿರುವರು. ಆಕ್ಷೇಪವು ಸುಳ್ಳಲ್ಲ. ಅದಕ್ಕೆ ಪೂರ್ಣ ಉತ್ತರವು ನನ್ನಲ್ಲಿಲ್ಲ. ಅದಕ್ಕಾಗಿಯೇ ಹಲವರನ್ನು ಕರೆಯುತ್ತಿರುವೆವು.

ಬರುವ ಶಿಕ್ಷಕರಿಗೆ ವಸತಿ ಪ್ರಸಾದಗಳ ಏರ್ಪಾಡನ್ನು ಶ್ರೀಗಳವರು ದಯಪಾಲಿಸಿರುವರು. ಭಕ್ತರಲ್ಲಿ ನನ್ನ ವಿಜ್ಞಾಪನೆಯು ಒಂದೇ: ನಿಮ್ಮೂರಿನಲ್ಲಿ ಹಾಡುವ ಮಕ್ಕಳಿದ್ದರೆ, ಕಣ್ಣಿದ್ದವರಿರಲಿ ಇಲ್ಲದವರಿರಲಿ, ಕರೆದುಕೊಂಡು ಬನ್ನಿರಿ. ಮೊದಲನೆಯ ದಿನ ಪ್ರಾತಃಕಾಲದಲ್ಲಿ ಯಾರ ಭಾಷಣವನ್ನೂ ಇಟ್ಟಿಲ್ಲ. ಮೂವರು ಮಕ್ಕಳು ಹಾಡುವರು. ಶಿಕ್ಷಕರೆಲ್ಲರೂ ಪ್ರತ್ಯೇಕವಾಗಿ ಕುಳಿತು ಗುಣಗಳನ್ನು ಬರೆಯುವರು. ಆ ಚೀಟಿಗಳನ್ನು ಸಭೆಯಲ್ಲಿಯೇ ಒಡೆದು ಓದಲಾಗುವದು. ನನ್ನ ಚೀಟಿಯನ್ನೇ ಮೊದಲು ಓದಬೇಕೆಂದು ನಾನು ಸಂಚಾಲಕರಿಗೆ ತಿಳಿಸಿರುವೆನು.