ಅಪ್ಪಯ್ಯನಿಗೆ ಕುದಿಸಿಕೊಟ್ಟ ಅಣಬೆ ಕಷಾಯ

ಎಲ್ಲ ಕೇಳುಗರಿಗೂ, ಅದರಲ್ಲೂ ಸಿಂಗಪುರದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಮಾತು.

ಚೈನಾಟೌನಿನ ಔಷಧದ ಅಂಗಡಿಗಳಲ್ಲಿ ಬೀಸಣಿಗೆಯ ಆಕಾರದ, ಅರಗು ಬಳಿದಂತೆ ಹೊಳೆಯುವ ಕೆಂಗಂದು ಅಣಬೆಯನ್ನು ನೀವು ನೋಡಿರುತ್ತೀರಿ. ಚೀನೀಯರು ಅದನ್ನು ಲಿಂಗ್‌ಝಿ ಎನ್ನುತ್ತಾರೆ, ಜಪಾನೀಯರು ರೇಶಿ. ಶೆನ್‌ನೋಂಗನ ಹೆಸರಿನಲ್ಲಿರುವ ಪುರಾತನ ಚೀನೀ ಮೂಲಿಕಾ ಗ್ರಂಥವು ಬಣ್ಣ ನೋಡಿ ಇದನ್ನು ಆರು ಬಗೆಯಾಗಿ ವಿಂಗಡಿಸಿ, ಮೇಲ್ದರ್ಜೆಯ ಔಷಧಗಳ ಸಾಲಿನಲ್ಲಿ ಇಟ್ಟಿದೆ. ಸುಸ್ತು, ನಿದ್ರೆ ಬಾರದಿರುವುದು, ಕೆಮ್ಮು, ಉಬ್ಬಸಕ್ಕೆ ಚೀನೀ ವೈದ್ಯರು ಇಂದಿಗೂ ಇದನ್ನು ಕೊಡುತ್ತಾರೆ.

ಕೆಲವು ವರ್ಷಗಳ ಹಿಂದೆ ಮಲೆನಾಡಿನಿಂದ ನನ್ನ ಅಪ್ಪಯ್ಯ ಇಲ್ಲಿಗೆ ಬಂದಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಸೊರಗಿದ್ದರು. ಪಕ್ಕದ ಮನೆಯ ಚೀನೀ ಅಜ್ಜಿ ಪ್ರೀತಿಯಿಂದ ಒಂದು ಪೊಟ್ಟಣ ಲಿಂಗ್‌ಝಿ ಹೋಳು ಕೊಟ್ಟರು. ಮಾಡುವ ಕ್ರಮವನ್ನೂ ಹೇಳಿದರು.

ಇದು ಪಲ್ಯ ಮಾಡುವ ಅಣಬೆಯಲ್ಲ. ಮರದ ಚಕ್ಕೆಯಂತೆ ಗಟ್ಟಿ, ಅಗಿಯಲಾಗದು. ಚೀನೀ ಪದ್ಧತಿಯಲ್ಲಿ ದಿನಕ್ಕೆ 6ರಿಂದ 12 ಗ್ರಾಂ ಒಣ ಹೋಳು ಬಳಸುತ್ತಾರೆ. ಅರ್ಧ ಗಂಟೆ ನೆನೆಸಿ, ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಸುಮಾರು ಎರಡು ಗಂಟೆ ಕುದಿಸಿ ಸೋಸಬೇಕು. ಕಹಿ ತಗ್ಗಿಸಲು ಶುಂಠಿ, ಕೆಂಪು ಖರ್ಜೂರ ಹಾಕುವುದುಂಟು. ನಮ್ಮ ಅಜ್ಜಿಯರ ಕಷಾಯದ ದಾರಿಯೇ ಇದು. ಬೀಟಾ ಗ್ಲೂಕನ್ ಎಂಬ ಅಂಶ ಬಿಸಿನೀರಿಗೆ ಇಳಿಯುತ್ತದೆ. ಕಹಿ ಕೊಡುವ ಟ್ರೈಟರ್ಪೀನ್‌ಗಳು ಮದ್ಯಸಾರದಲ್ಲಿ ಚೆನ್ನಾಗಿ ಕರಗುವುದರಿಂದ ಕೆಲವರು ಅದರಲ್ಲಿ ನೆನೆಸಿ ಅರ್ಕವನ್ನೂ ಮಾಡುತ್ತಾರೆ.

ಹೋಳನ್ನು ಕೈಯಲ್ಲಿ ತಿರುಗಿಸಿ ನೋಡಿದ ಅಪ್ಪಯ್ಯ, “ಎಂಥದೇ ಇದು? ತೋಟಕ್ಕೆ ಬರೋ ಅಣಬೆ ರೋಗದ ಅಣಬೆ ಅಲ್ದಾ?” ಎಂದರು. ನಾನು ನಕ್ಕುಬಿಟ್ಟೆ. ಆಮೇಲೆ ಓದಿದಾಗ ತಿಳಿಯಿತು, ಅವರು ಹೇಳಿದ್ದರಲ್ಲಿ ಹುರುಳಿತ್ತು. ಅಡಿಕೆ ಮರದ ಬುಡ ಕೊಳೆಸುವ ಅಣಬೆ ರೋಗಕ್ಕೂ ಇದೇ ಗ್ಯಾನೊಡರ್ಮಾ ಕುಲದ ಶಿಲೀಂಧ್ರವೇ ಕಾರಣ. ಬುಡದಲ್ಲಿ ಅಣಬೆ ಕಾಣುವ ಹೊತ್ತಿಗೆ ಮರ ಕೈಬಿಟ್ಟಂತೆಯೇ.

ಹತ್ತು ದಿನ ಕಷಾಯ ಕುಡಿಸಿದೆ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅವರ ವಸಡಿನಿಂದ ರಕ್ತ ಬಂತು, ನಿಲ್ಲಲಿಲ್ಲ. ತೋಳಿನಲ್ಲಿ ನೀಲಿ ಕಲೆಗಳಿದ್ದವು. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮಾತ್ರೆಯ ಜೊತೆ ಬೇರೇನು ಕೊಡುತ್ತಿದ್ದೀರಿ?” ಆಗ ಬಾಯಿಬಿಟ್ಟೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಜೊತೆಯಾದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದಂತೆ. “ಇದರಿಂದಲೇ ಆಯಿತು ಎಂದು ಹೇಳಲಾರೆ. ಆದರೆ ನಿಲ್ಲಿಸಿ. ಮೊದಲೇ ಹೇಳಬೇಕಿತ್ತು” ಎಂದರು. ಅಪ್ಪಯ್ಯ ಚೇತರಿಸಿಕೊಂಡರು. ನನ್ನ ನಾಚಿಕೆ ಮಾತ್ರ ಹೋಗಿಲ್ಲ.

ಹಾಗೆಂದು ಲಿಂಗ್‌ಝಿ ವಿಷವೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆ, ಮುಖ್ಯ ಚಿಕಿತ್ಸೆಯಾಗಿ ಇದನ್ನು ಕೊಡಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ಚಿಕಿತ್ಸೆಯ ಜೊತೆಗೆ ಪೂರಕವಾಗಿ ಯೋಚಿಸಬಹುದು ಎಂದಿತು. ಇದರ ಪುಡಿ ಸೇವಿಸಿದ ಕೆಲವರಿಗೆ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ.

ನಿಮಗೆ ಹೇಳುವುದು ಇಷ್ಟೇ. ರಜೆಗೆ ಊರಿಗೆ ಹೋಗುವಾಗ ಅಜ್ಜ ಅಜ್ಜಿಗೆಂದು ಕ್ಯಾಪ್ಸೂಲು, ಪುಡಿಯ ಡಬ್ಬಿ ಒಯ್ಯುತ್ತೀರಿ. ಪ್ರೀತಿಯಿಂದಲೇ ಒಯ್ಯುತ್ತೀರಿ, ನಾನೂ ಪ್ರೀತಿಯಿಂದಲೇ ಕುದಿಸಿದ್ದೆ. ಕೊಡುವ ಮೊದಲು ಅವರ ಮಾತ್ರೆಗಳ ಚೀಟಿಯನ್ನು ಕೇಳಿ. ಡಬ್ಬಿಯನ್ನೂ ಚೀಟಿಯನ್ನೂ ಅವರ ವೈದ್ಯರಿಗೆ ಒಟ್ಟಿಗೆ ತೋರಿಸಿ. ಈ ವಾರ ಊರಿಗೆ ಫೋನ್ ಮಾಡಿದಾಗ, “ಊಟ ಆಯ್ತಾ ಅಜ್ಜಿ?” ಎಂದು ಕೇಳಿದ ಮೇಲೆ, “ಈಗ ಯಾವ್ಯಾವ ಮಾತ್ರೆ, ಯಾವ ಕಷಾಯ ತಗೋತಿದೀರಿ?” ಎಂದೂ ಒಂದು ಮಾತು ಕೇಳಿ.