ಮೋಟಾರಿಗೆ ಮುಂಚೆ ಹಿತ್ತಾಳೆ

ಮಕ್ಕಳೇ, ನಿಮ್ಮಲ್ಲಿ ಕೆಲವರು ಕೂಡಿಟ್ಟ ದುಡ್ಡಿನಲ್ಲಿ ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್24 ಕೊಂಡಿದ್ದೀರಿ ಅಂತ ಗೊತ್ತು. ನಿಜವಾದ ಗಾಡಿಯ 24ರಲ್ಲಿ ಒಂದು ಪಾಲಿನ ಅಳತೆ. ಗೇಣುದ್ದದ, ಕಲ್ಲು ಹತ್ತುವ ರಿಮೋಟ್ ಟ್ರಕ್ಕು. ಸಾಂಟಾ ಕ್ಲಾರಾದ ನಮ್ಮ ಹಿತ್ತಲಲ್ಲೂ ಒಂದು ತೆವಳುತ್ತಿದೆ.

ಏರಿನಲ್ಲಿ ಅದು ಹಿಂದಕ್ಕೆ ಪಲ್ಟಿ ಹೊಡೆದ ಕೂಡಲೇ ಜೋರು ಮೋಟಾರಿಗೆ ದುಡ್ಡು ಸುರಿಯಬೇಡಿ. ಇದು ಓಡುವ ಗಾಡಿಯಲ್ಲ. ಏರುವಾಗ ಭಾರವೆಲ್ಲ ಹಿಂದಕ್ಕೆ ಜಾರಿ ಮುಂದಿನ ಗಾಲಿ ಹಿಡಿತ ಬಿಡುತ್ತದೆ. ಅದಕ್ಕೆ ಮದ್ದು ಹಿತ್ತಾಳೆ! ಅಜ್ಜಿಮನೆಯ ನೀರಿನ ಕೊಡದ್ದೇ ಲೋಹ. ಅಲ್ಯೂಮಿನಿಯಂಗಿಂತ ಸುಮಾರು 3 ಪಟ್ಟು ಭಾರ. ಮುಂದಿನ ಆಕ್ಸಲ್‌ಗೆ, ಗಾಲಿಗಳ ಒಳಗೆ ಹಿತ್ತಾಳೆಯ ಭಾಗ ಕೂರಿಸಿ. ತೂಕ ಕೆಳಗಿರಬೇಕು. ಚಂದಕ್ಕೆಂದು ಚಾವಣಿಯ ಮೇಲೆ ಲಗೇಜು ಕಟ್ಟಿದಿರೋ, ಮತ್ತೆ ಮಗುಚಿತು. ಆಮೇಲೆ ಮೆತ್ತನೆಯ ಟೈರು. ಅತಿಯಾಗಿ ತುಂಬಿದರೆ ಮಾತ್ರ ಗಾಲಿ ತಿರುಗಿಸುವ ಪುಟ್ಟ ಸರ್ವೋ ಸೋಲುತ್ತದೆ, ಮುಂದಿನ ಖರ್ಚು ಅದಕ್ಕೇ.

ಒಂದೊಂದೇ ಭಾಗ ಬದಲಿಸಿ, ಅದೇ ಕಲ್ಲು ಹತ್ತಿಸಿ ನೋಡಿ. ತೂಕ ನೋಡಲು ಮುಂದಿನ ಗಾಲಿಗಳನ್ನು ತಕ್ಕಡಿಯ ಮೇಲೆ, ಹಿಂದಿನವನ್ನು ಅಷ್ಟೇ ಎತ್ತರದ ಪುಸ್ತಕದ ಮೇಲೆ ಇಡಿ. ಒಟ್ಟು ತೂಕದಲ್ಲಿ ನೂರಕ್ಕೆ 60ರಷ್ಟು ಮುಂದಿದ್ದರೆ ಒಳ್ಳೆಯದು. ಆಮೇಲೆ ತಕ್ಕಡಿ ಒರೆಸಿಡಿ, ಅದು ಅಡುಗೆಮನೆಯದು.